ಗೀತಾ ಬಿಟ್ಟ ಮೊಸರು

ನನ್ನ ಮಗಳ ಉಬ್ಬಸ ಹತೋಟಿಗೆ ಬಂದದ್ದು ನಮ್ಮ ಅತ್ತೆಯ ಕಷಾಯದಿಂದಲ್ಲ. ಡಾಕ್ಟರು ಬರೆದುಕೊಟ್ಟ, ಬಾಯಿಗಿಟ್ಟು ಉಸಿರಿನೊಂದಿಗೆ ಎಳೆದುಕೊಳ್ಳುವ ಪಂಪಿನಿಂದ. ಅದನ್ನು ನಾನು ಎಲ್ಲರ ಕಣ್ಣು ತಪ್ಪಿಸಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಕೇಳದಿರಲೆಂದು ನಲ್ಲಿ ಬಿಟ್ಟು, ವರ್ಷಗಟ್ಟಲೆ ಕೊಟ್ಟೆ. ನನ್ನ ನಾದಿನಿ ಗೀತಾ — ಅವಳ ಮಗನಿಗೂ ಅದೇ ಕಾಯಿಲೆ — ಒಂದು ದಿನ ನನ್ನ ಎದುರು ಕೂತು, ನಿಜ ಹೇಳಿ ಎಂದು ಕೇಳಿದಳು. ನಾನು ಸುಳ್ಳು ಹೇಳಿದೆ.

ಇಷ್ಟೇ ಆಗಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಸುಳ್ಳು ಹೇಳದ ಸೊಸೆ ಯಾವ ಮನೆಯಲ್ಲಿದ್ದಾಳೆ? ಆದರೆ ಆ ಸುಳ್ಳಿನ ಶಿಕ್ಷೆಯನ್ನು ನನ್ನ ಬದಲು ಗೀತಾ ಅನುಭವಿಸಿದಳು — ಇವತ್ತಿಗೂ ಅನುಭವಿಸುತ್ತಿದ್ದಾಳೆ. ತಪ್ಪು ತನ್ನದೇ ಎಂದು ನಂಬಿಕೊಂಡಿದ್ದಾಳೆ. ಅದನ್ನು ನೋಡುತ್ತ, ಅವಳ ಎಲೆಗೆ ಪಲ್ಯ ಬಡಿಸುತ್ತ, ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಮೊದಲಿಂದ ಹೇಳುತ್ತೇನೆ.

ನಮ್ಮದು ಶಿಕಾರಿಪುರ. ಇವರದು, ಅಂದರೆ ನನ್ನ ಗಂಡನದು, ಮೆಕ್ಕೆಜೋಳದ ವ್ಯಾಪಾರ. ಮನೆಗೆ ಅಂಟಿಕೊಂಡಂತೆ ಹಿಂದೆಯೇ ಗೋದಾಮು. ಸುಗ್ಗಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳು ಬಂದು ಕಾಳು ಸುರಿಯುತ್ತಿದ್ದವು. ಆ ತಿಂಗಳುಗಳಲ್ಲಿ ನಮ್ಮ ಮನೆಯ ಕನ್ನಡಿ ಒರೆಸಿದರೆ ಬಟ್ಟೆ ಹಳದಿಯಾಗುತ್ತಿತ್ತು. ಒಗೆದ ಬಟ್ಟೆಯ ಮೇಲೆ, ಕುಡಿಯುವ ನೀರಿನ ಮುಚ್ಚಳದ ಮೇಲೆ, ದೇವರ ಫೋಟೋದ ಮೇಲೆ — ಎಲ್ಲ ಕಡೆ ಜೋಳದ ಹೊಟ್ಟಿನ ಸಣ್ಣ ಧೂಳು. ದೊಡ್ಡವರು ನಾವು ಎರಡು ಸಲ ಸೀನಿ ಸುಮ್ಮನಾಗುತ್ತಿದ್ದೆವು. ನನ್ನ ಮಗಳು ಅಕ್ಷತಾಳಿಗೆ ಮಾತ್ರ ಅದು ಸೀನಿನಲ್ಲಿ ಮುಗಿಯುತ್ತಿರಲಿಲ್ಲ. ಮೂಗು ಸೋರುವುದರಲ್ಲಿ ಶುರುವಾಗಿ, ಕೆಮ್ಮಾಗಿ, ಆಮೇಲೆ ಎದೆಯೊಳಗೆ ಪೀಪಿ ಊದಿದ ಹಾಗೆ ಸದ್ದು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಒರಗಿಸಿ ಕೂರಿಸಬೇಕು. ಆಗಿನ್ನೂ ಒಂದನೇ ಕ್ಲಾಸಿಗೆ ಹೋಗುವ ಮಗು, ಅದರ ಪಕ್ಕೆಲುಬುಗಳು ಒಳಕ್ಕೆ ಸೆಳೆದು ಹೊರಕ್ಕೆ ಬರುವುದನ್ನು ನೋಡುತ್ತ ಕೂರಬೇಕಿತ್ತು. ಆಗ ತಾಯಿಯಾದವಳಿಗೆ ಏನನಿಸುತ್ತದೆ ಎಂದು ಗೀತಾಳಿಗೂ ಗೊತ್ತು. ಅದಕ್ಕೇ ಅವಳು ನನ್ನನ್ನು ಕೇಳಿದ್ದು.

ನಮ್ಮ ಅತ್ತೆ ಗೌರಮ್ಮನವರಿಗೆ ಕೈಗುಣ ಇದೆ ಎಂದು ಊರಲ್ಲಿ ಹೆಸರು. ಹಿತ್ತಲ ಬೇಲಿಗೆ ಆಡುಸೋಗೆಯ ಗಿಡ ಇದೆ, ಬಾವಿಕಟ್ಟೆಯ ಹತ್ತಿರ ದೊಡ್ಡಪತ್ರೆ. ಆಡುಸೋಗೆ ಎಲೆಯನ್ನು ಬಾಡಿಸಿ, ಹಿಪ್ಪಲಿ, ಶುಂಠಿ, ಜ್ಯೇಷ್ಠಮಧು ಕುಟ್ಟಿ ಹಾಕಿ, ಕುದಿಸಿ ಇಂಗಿಸಿ, ಜೇನು ಬೆರೆಸಿ ಕೊಡುತ್ತಿದ್ದರು. ಯಾರಿಂದಲೂ ಒಂದು ಕಾಸು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದಂತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ — ನಮ್ಮ ಮನೆಯಲ್ಲಿ ಹಿತ್ತಲ ಗಿಡ ಬಿಟ್ಟು ಬೇರೆ ಯಾವುದೂ ಮದ್ದಲ್ಲ. ಆ ಕಷಾಯಕ್ಕೆ ಎರಡು ನಿಯಮ. ಒಂದು, ಕಷಾಯ ನಡೆಯುವಾಗ ಇಂಗ್ಲಿಷ್ ಔಷಧಿ ಮುಟ್ಟಬಾರದು. ಇನ್ನೊಂದು, ಪಥ್ಯ. ಬಾಳೆಹಣ್ಣಿಲ್ಲ, ಸೀಬೆಹಣ್ಣಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಮೊಸರಿಲ್ಲ. ಗುಣವಾದರೆ ಕೈಗುಣ, ಆಗದಿದ್ದರೆ ಪಥ್ಯ ಮುರಿದಿರಬೇಕು. ಈ ಲೆಕ್ಕದಲ್ಲಿ ಕಷಾಯ ಸೋಲುವುದಕ್ಕೆ ದಾರಿಯೇ ಇಲ್ಲ ಎಂದು ನನಗೆ ಆಗಲೇ ಹೊಳೆದಿತ್ತು. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದವಳು. ಹೊಳೆದರೂ ಹೇಳಲಿಲ್ಲ. ಅದು ಮೊದಲ ಸಲ ಬಾಯಿ ಮುಚ್ಚಿಕೊಂಡದ್ದು.

ಅಕ್ಷತಾಳಿಗೆ ಎರಡು ಚಳಿಗಾಲ ಕಷಾಯ ಕೊಟ್ಟೆವು. ಪಥ್ಯವನ್ನು ಚಾಚೂ ತಪ್ಪದೆ ಮಾಡಿದೆ. ಗಂಟಲಿಗೆ ಹಿತವಾಗುತ್ತಿತ್ತು, ಕಫ ಸಡಿಲವಾಗುತ್ತಿತ್ತು — ಇಲ್ಲ ಎನ್ನುವುದಿಲ್ಲ. ಆದರೆ ಎದೆಯ ಪೀಪಿ ನಿಲ್ಲಲಿಲ್ಲ. ಕೊನೆಗೆ ತವರಿಗೆ ಹೋಗುವ ನೆಪದಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ಎರಡು ಪಂಪು ಬರೆದರು. ಒಂದು ದಿನವೂ ಬಿಡದೆ ಕೊಡುವುದು, ಇನ್ನೊಂದು ಉಬ್ಬಸ ಹೆಚ್ಚಾದಾಗ ಕೊಡುವುದು. ಮಗು ಸರಿಯಾಗಿ ಎಳೆದುಕೊಳ್ಳಲಿ ಎಂದು ಪಂಪಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಕೊಳವೆ. ನಾನು ಅಂಜುತ್ತಲೇ ಕಷಾಯದ ವಿಷಯ ಎತ್ತಿದೆ. ಅವರೇನೂ ಬೈಯಲಿಲ್ಲ.

"ಕಷಾಯ ಬೇಕಾದ್ರೆ ಕೊಡಿ ಅಮ್ಮ, ಜೇನು ಕೊಡಿ, ಗಂಟಲಿಗೆ ಒಳ್ಳೇದು. ಹಾಸಿಗೆ ಬಿಸಿಲಿಗೆ ಹಾಕಿ, ಕಸ ಗುಡಿಸೋ ಬದಲು ಒದ್ದೆ ಬಟ್ಟೆಲಿ ಒರೆಸಿ, ಸಾಂಬ್ರಾಣಿ ಹೊಗೆ ನಿಲ್ಲಿಸಿ, ಗೋದಾಮಿನ ಕಡೆ ಮಲಗಿಸಬೇಡಿ. ಇವೆಲ್ಲ ಬೇಕು. ಆದರೆ ಇವುಗಳನ್ನು ನಂಬಿ ಪಂಪು ಬಿಡಬೇಡಿ. ಚೆನ್ನಾಗಿದ್ದಾಳೆ ಅಂತ ನೀವಾಗೇ ಬಿಡಬೇಡಿ."

ಆ ಮಾತು ನನಗೆ ಬಾಯಿಪಾಠ ಇದೆ. ಬೇಕಾದವರಿಗೆ ಬೇಕಾದಾಗ ಅದನ್ನು ಒಪ್ಪಿಸಲಿಲ್ಲ, ಅಷ್ಟೆ.

ಮನೆಗೆ ಬಂದು ಚೀಲ ಬಿಚ್ಚಿದೆ. ಅತ್ತೆ ಪಂಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕ ಕೂತು ತಾಯಿಯ ಹಾಗೆ ಹೇಳಿದರು.

"ನೋಡವ್ವ, ಒಂದ್ ಸತಿ ಇದು ಬಾಯಿಗೆ ಬಂದ್ರೆ ಸಾಯೋತನಕ ಬಿಡಲ್ಲ. ಹೆಣ್ಣ್ ಹುಡುಗಿ. ನಾಳೆ ಗಂಡಿನ ಮನೆಯರು ಬಂದ್ ಕುಂತಾಗ ಇದನ್ನ ಬಾಯಿಗೆ ಇಟ್ಕಂಡ್ರೆ ಯಾರು ಮಾಡ್ಕೆಂತಾರೆ? ಹುಡುಗಿಗೆ ದಮ್ಮು ಐತೆ ಅಂತ ಊರೆಲ್ಲ ಆಗ್ತೈತೆ. ವಾಪಸ್ ಕೊಟ್ಟು ಬಾ."

ಇವರ ಕಡೆ ನೋಡಿದೆ. ಇವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಆಮೇಲೆ ಒಬ್ಬಳೇ ಇದ್ದಾಗ ಬಂದು ಹೇಳಿದರು — "ನೀನೇನ್ ಮಾಡ್ತೀಯೋ ಮಾಡು. ನಂಗೇನೂ ಗೊತ್ತಿಲ್ಲ ಅಂತ ಇರ್ತೀನಿ." ಆ ಮಾತನ್ನು ಇವರು ಇವತ್ತಿನವರೆಗೂ ಉಳಿಸಿಕೊಂಡು ಬಂದಿದ್ದಾರೆ. ಇನ್ನಾವ ಮಾತನ್ನೂ ಇಷ್ಟು ನಿಷ್ಠೆಯಿಂದ ಉಳಿಸಿಕೊಂಡದ್ದಿಲ್ಲ.

ವಾಪಸ್ ಕೊಟ್ಟೆ ಎಂದು ಅತ್ತೆಗೆ ಹೇಳಿದೆ. ಪಂಪನ್ನೂ ಕೊಳವೆಯನ್ನೂ ನನ್ನ ತಿಂಗಳ ಬಟ್ಟೆಯ ಚೀಲದಲ್ಲಿ ಇಟ್ಟೆ. ಮಡಿವಂತ ಮನೆ, ಆ ಚೀಲವನ್ನು ಯಾರೂ ಮುಟ್ಟುವುದಿಲ್ಲ. ಮುಗಿದಾಗ ಶಿಕಾರಿಪುರದ ಔಷಧಿ ಅಂಗಡಿಗೆ ಹೋಗುವ ಹಾಗಿಲ್ಲ — ಅಲ್ಲಿ ತೆಗೆದುಕೊಂಡರೆ ನಾನು ಮನೆ ಸೇರುವ ಮೊದಲು ಸುದ್ದಿ ಸೇರುತ್ತದೆ. ಶಿರಾಳಕೊಪ್ಪಕ್ಕೆ ಹೋಗುತ್ತಿದ್ದೆ, ರವಿಕೆ ಹೊಲಿಸುವ ನೆಪದಲ್ಲಿ. ಆ ವರ್ಷಗಳಲ್ಲಿ ನನ್ನಷ್ಟು ರವಿಕೆ ಹೊಲಿಸಿದ ಹೆಂಗಸು ತಾಲ್ಲೂಕಿನಲ್ಲೇ ಇರಲಿಲ್ಲವೇನೋ. ಡಾಕ್ಟರು ಹೇಳಿದ ಉಳಿದ ಮಾತುಗಳನ್ನು ನಮ್ಮ ತವರೂರಿನ ಪಂಡಿತರೊಬ್ಬರು ಹೇಳಿದ ಪಥ್ಯ ಎಂದು ಸಾರಿದೆ. ಅಂಥ ಪಂಡಿತರು ಯಾರೂ ಇರಲಿಲ್ಲ. ಅತ್ತೆ ಮರುಮಾತಿಲ್ಲದೆ ಸಾಂಬ್ರಾಣಿ ನಿಲ್ಲಿಸಿದರು. ಹಾಸಿಗೆಯನ್ನು ತಾವೇ ಬಿಸಿಲಿಗೆ ಹಾಕಿದರು. ಪಥ್ಯ ಎಂದರೆ ಅವರು ಏನು ಬೇಕಾದರೂ ಮಾಡುವವರು. ಒಂದು ಕ್ಷಣ ನಗುವೂ ಬಂದಿತ್ತು ನನಗೆ, ಪಂಪನ್ನೂ ಪಂಡಿತರ ಹೆಸರಲ್ಲೇ ಒಳಗೆ ತಂದಿದ್ದರೆ ಆಗುತ್ತಿತ್ತಲ್ಲ ಎಂದು.

ಬೆಳಿಗ್ಗೆ ಅತ್ತೆ ಅಕ್ಷತಾಳನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಹಣೆಗೆ ವಿಭೂತಿ ಹಚ್ಚಿ, ಕಷಾಯ ಕುಡಿಸುತ್ತಿದ್ದರು. ಅದಕ್ಕಿಂತ ಮೊದಲು ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಪಂಪು ಕೊಟ್ಟು, ಬಾಯಿ ಮುಕ್ಕಳಿಸಲು ಹೇಳಿ ಕಳಿಸಿರುತ್ತಿದ್ದೆ. "ಅಜ್ಜಿಗೆ ಹೇಳಬಾರ್ದು, ಆಯ್ತಾ?" ಎನ್ನುತ್ತಿದ್ದೆ. ಅಷ್ಟು ಸಣ್ಣ ಮಗು — ತಲೆ ಆಡಿಸುತ್ತಿದ್ದಳು. ಒಂದು ಸಲವೂ ಬಾಯಿ ತಪ್ಪಿ ಹೇಳಲಿಲ್ಲ. ಜಾಣೆ ಎಂದು ಮುದ್ದು ಮಾಡುತ್ತಿದ್ದೆ. ಏನನ್ನು ಕಲಿಸುತ್ತಿದ್ದೇನೆ ಎಂದು ನನಗೆ ಆಗ ತಿಳಿಯಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಅಕ್ಷತಾ ಓಡಾಡಿಕೊಂಡಿದ್ದಳು. ಶಾಲೆಯ ಓಟದಲ್ಲಿ ಬಹುಮಾನವಾಗಿ ಒಂದು ಸ್ಟೀಲ್ ಲೋಟ ತಂದಳು. ಅತ್ತೆ ಆ ಲೋಟವನ್ನು ದೇವರ ಮುಂದೆ ಇಟ್ಟು ಕಣ್ಣೀರು ಹಾಕಿದರು. ಬಂದವರಿಗೆಲ್ಲ ತೋರಿಸಿದರು. "ನನ್ನ ಸೊಸೆ ಹಂಗೆ ಪಥ್ಯ ಮಾಡಿಸ್ಬೇಕ್ರಿ, ನೋಡ್ರಿ ಹೆಂಗೆ ಗುಣ ಆತು!" — ಮದುವೆಯಾಗಿ ಬಂದು ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹತ್ತು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ನನಗೆ ಹಿತವಾಯಿತು. ಇದನ್ನು ಬರೆಯಲೇಬೇಕು. ಬರೀ ಹೆದರಿಕೆಯಿಂದ ಸುಮ್ಮನಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆ ದೀಪಾವಳಿಗೆ ಗೀತಾ ತವರಿಗೆ ಬಂದಳು. ಅವಳನ್ನು ಕೊಟ್ಟಿರುವುದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ, ಅಡಿಕೆ ಭತ್ತ ಎರಡೂ ಇರುವ ಮನೆ. ಜೊತೆಗೆ ಅವಳ ಮಗ ವಿನಯ, ಆಗಷ್ಟೇ ಅಂಗನವಾಡಿಗೆ ಹೋಗುತ್ತಿದ್ದವನು. ಅವನಿಗೂ ಉಬ್ಬಸ, ಅವನಿಗೂ ಸಾಗರದ ಡಾಕ್ಟರು ಪಂಪು ಬರೆದಿದ್ದರು. ಗೀತಾಳ ಅತ್ತೆಮನೆಯಲ್ಲಿ ಗೊಣಗಿದ್ದರೂ ಅವಳು ಜಗ್ಗದೆ ಕೊಡುತ್ತಿದ್ದಳು. ಎಲ್ಲರ ಎದುರಿಗೇ, ಜಗಲಿಯ ಮೇಲೆ ಕೂರಿಸಿಕೊಂಡು! ನನಗೆ ಇಲ್ಲದ ಎದೆಗಾರಿಕೆ ಅವಳಿಗಿತ್ತು. ಅದನ್ನು ಕಸಿದವಳು ನಾನು.

ತಾರಸಿಯ ಮೇಲೆ ಶಾವಿಗೆ ಒಣಗಿಸಿದ್ದೆವು. ನಾವಿಬ್ಬರೇ ಕಾಗೆ ಕಾಯುತ್ತ ಕೂತಿದ್ದೆವು. ಅತ್ತೆ ಕೆಳಗೆ ಮಲಗಿದ್ದರು. ಮಕ್ಕಳು ಬೀದಿಯಲ್ಲಿದ್ದರು. ಕೇಳಿಸಿಕೊಳ್ಳುವವರು ಒಬ್ಬರೂ ಇರಲಿಲ್ಲ — ಇದನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತೇನೆ. ಒಬ್ಬರೂ ಇರಲಿಲ್ಲ.

"ಅತ್ಗೆ, ಒಂದ್ ಮಾತ್ ಕೇಳ್ತೀನಿ, ಖರೆ ಹೇಳ್ಬೇಕು," ಎಂದಳು. "ಅವ್ವ ದಿನಾ ಫೋನ್ ಮಾಡಿ ಪಂಪ್ ಬಿಡ್ಸು, ಕಷಾಯ ಹಾಕು ಅಂತಾಳೆ. ಅವ್ವ ಹೇಳಿದ್ರೆ ನಾನ್ ನಂಬಲ್ಲ, ಅವ್ಳಿಗೆ ತನ್ನ ಕೈಗುಣದ್ದೇ ಜಂಬ. ನೀವು ಓದಿದೋರು. ನೀವು ಹೇಳಿದ್ರೆ ನಂಬ್ತೀನಿ. ಅಕ್ಷತಂಗೆ ಕಷಾಯದಿಂದ್ಲೇ ಗುಣ ಆಯ್ತೇನ್ರಿ?"

ಮಾತು ಬಾಯಿಗೆ ಬಂದಿತ್ತು. ಇಲ್ಲ ಕಣೆ, ಪಂಪಿನಿಂದ, ಬಾ ತೋರಿಸ್ತೀನಿ — ಎಂದು. ಆದರೆ ಹೇಳಿದರೆ ಗೀತಾ ಸುಮ್ಮನಿರುವವಳೇ? ತಾಯಿಯ ಜೊತೆ ವಾದಕ್ಕಿಳಿದಾಗ ಒಂದು ದಿನ ಬಾಯಿಗೆ ಬಂದೇ ಬರುತ್ತದೆ. ಆಮೇಲೆ ಆ ಬಹುಮಾನದ ಲೋಟ, ಆ ಹೊಗಳಿಕೆ, ಅಷ್ಟು ದಿನದ ನಾಟಕ — ಅತ್ತೆಯ ಮುಖ ಹೇಗೆ ನೋಡಲಿ? ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಓಡಿತು. ಒಂದು ಮಗುವಿನ ಉಸಿರು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದೆ ಎಂದು ಮಾತ್ರ ಹೊಳೆಯಲಿಲ್ಲ. ಇಲ್ಲ — ಹೊಳೆಯಿತು. ಏನಾಗುತ್ತದೆ ಬಿಡು ಅನ್ನಿಸಿತು.

"ಹೌದು ಕಣೆ," ಎಂದೆ. "ಕಷಾಯದಿಂದ್ಲೇ."

"ಹಂಗಾರೆ ಪಂಪ್ ಬಿಡ್ಸ್ಲಾ?"

"ಅವ್ವ ಹೇಳ್ದಂಗೆ ಮಾಡು."

ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನಾನು ಎಷ್ಟು ವರ್ಷದಿಂದ ನೋಡುತ್ತಿದ್ದೇನೆ! ಪಾಪ, ಅವಳಿಗೂ ಸಾಕಾಗಿತ್ತು, ಮನೆಯವರೊಂದಿಗೆ ಹೋರಾಡಿ. ಯಾರಾದರೂ ಬಿಡು ಎಂದರೆ ಸಾಕು ಎಂದು ಕಾಯುತ್ತಿದ್ದಳೇನೋ. ಆ ಮಾತನ್ನು ನಾನು ಅಂದೆ.

ಗೀತಾ ಕಷಾಯದ ಸಾಮಾನು ಕಟ್ಟಿಕೊಂಡು ಹೋದಳು. ಸ್ವಲ್ಪ ದಿನ ವಿನಯ ಚೆನ್ನಾಗಿಯೇ ಇದ್ದ. ಫೋನಿನಲ್ಲಿ ಅವಳು ಖುಷಿಯಾಗಿ ಮಾತಾಡಿದಾಗಲೆಲ್ಲ ನಾನು ಸಮಾಧಾನ ಮಾಡಿಕೊಂಡೆ — ನೋಡು, ಏನೂ ಆಗಲಿಲ್ಲ, ಕೆಲವು ಮಕ್ಕಳಿಗೆ ತಾನಾಗೇ ಹೋಗುತ್ತದೆ. ಆಮೇಲೆ ಭತ್ತ ಬಡಿಯುವ ಕಾಲ ಬಂತು. ಕಣದ ಧೂಳು, ಹೊಟ್ಟು. ಒಂದು ಮಧ್ಯಾಹ್ನ ಹುಡುಗ ಕಣದಿಂದ ಮನೆಗೆ ನಡೆದು ಬರಲಾರದೆ ದಾರಿಯಲ್ಲೇ ಕೂತುಬಿಟ್ಟನಂತೆ. ತುಟಿ ನೀಲಿಯಾಗಿತ್ತಂತೆ. ಮನೆಯಲ್ಲಿ ಪಂಪಿರಲಿಲ್ಲ, ಗೀತಾ ಎಸೆದುಬಿಟ್ಟಿದ್ದಳು. ಪಕ್ಕದ ಮನೆಯವರ ಕಾರಿನಲ್ಲಿ ಸೊರಬಕ್ಕೆ ಒಯ್ದರು. ಅಲ್ಲಿಂದ ಆಕ್ಸಿಜನ್ ಹಾಕಿ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ.

ನಾವು ಓಡಿದೆವು. ಆಸ್ಪತ್ರೆಯ ಗಾಜಿನ ಬಾಗಿಲ ಹೊರಗೆ ಗೀತಾ ನೆಲದ ಮೇಲೆ ಕೂತಿದ್ದಳು. ಅವಳ ಗಂಡನ ಮನೆಯವರು ಬೆಂಚಿನ ಮೇಲೆ, ಅವಳಿಗೆ ಬೆನ್ನು ಮಾಡಿ. ನಮ್ಮನ್ನು ಕಂಡದ್ದೇ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಅತ್ಗೆ, ನಾನೇ ನನ್ ಮಗನ್ನ ಕೊಲ್ತಿದ್ದೆ. ಮೊಸರನ್ನ ಬೇಕು ಅಂತ ಅತ್ತ ಅಂತ ಎರಡ್ ತುತ್ತು ಕೊಟ್ಬಿಟ್ಟೆ. ಪಥ್ಯ ಮುರಿದ್ಬಿಟ್ಟೆ."

ಅತ್ತೆ ಪಕ್ಕದಲ್ಲೇ ಇದ್ದರು. ಮೊಮ್ಮಗ ಒಳಗಿದ್ದಾನೆ ಎಂಬ ಸಂಕಟಕ್ಕೆ ಅವರ ಬಾಯಿಂದ ಬಂದದ್ದು ಇದು — "ಪಥ್ಯ ಮುರುದ್ರೆ ಔಷಧಿ ಏನ್ ಮಾಡ್ತೈತೆ? ನನ್ ಸೊಸೆ ಮಾಡ್ಲಿಲ್ವೇನೇ? ಅವಳ್ನ ನೋಡಿ ಕಲಿಬಾರ್ದಾ?"

ಗೀತಾಳ ಅತ್ತೆ ಬೆಂಚಿನಿಂದಲೇ ಒಂದು ಮಾತು ಸೇರಿಸಿದರು. ನಾಲಿಗೆ ಚಪಲಕ್ಕೆ ಮಗನ ಜೀವ ತೆಗೆಯುವವಳು, ಎಂದು. ನಾನು ನಿಂತಿದ್ದೆ. ಗೀತಾ ನನ್ನ ಕೈ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ನನ್ನ ವ್ಯಾನಿಟಿ ಬ್ಯಾಗು ಇತ್ತು. ಅಕ್ಷತಾಳನ್ನೂ ಕರೆದುಕೊಂಡು ಬಂದಿದ್ದರಿಂದ ಅದರೊಳಗೆ ಅವಳ ಪಂಪು ಇತ್ತು. ಬ್ಯಾಗಿನ ಜಿಪ್ಪು ಎಳೆದಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ನಾನು ಬ್ಯಾಗನ್ನು ಕಂಕುಳಿಗೆ ಒತ್ತಿ ಹಿಡಿದುಕೊಂಡೆ.

ತಾರಸಿಯ ಮೇಲೆ ಹೇಳಿದ್ದು ಸುಳ್ಳು. ಇದು ಸುಳ್ಳಿಗಿಂತ ದೊಡ್ಡದು — ಇದಕ್ಕೆ ಏನು ಹೆಸರಿದೆಯೋ ನನಗೆ ಗೊತ್ತಿಲ್ಲ.

ವಿನಯ ಬದುಕಿದ. ಅಲ್ಲಿಯ ಡಾಕ್ಟರು ಪಂಪು ಬಿಟ್ಟದ್ದಕ್ಕೆ ಚೆನ್ನಾಗಿ ಬೈದರು, ಮತ್ತೆ ಶುರು ಮಾಡಿಸಿದರು. ಆದರೆ ಡಾಕ್ಟರ ಬೈಗುಳ ಗೀತಾಳ ಒಳಗೆ ಇಳಿಯಲೇ ಇಲ್ಲ. ಅಕ್ಷತಾ ಪಂಪಿಲ್ಲದೆ ಗುಣವಾಗಿ ಎದುರಿಗೇ ಓಡಾಡುತ್ತಿದ್ದಳಲ್ಲ! ತನಗೆ ಪಥ್ಯ ಮಾಡಲು ಬರಲಿಲ್ಲ, ಅದಕ್ಕೇ ಮಗನಿಗೆ ಪಂಪಿನ ಗತಿ ಬಂತು — ಹೀಗೆ ಅವಳು ಅರ್ಥ ಮಾಡಿಕೊಂಡಳು. ಬೇರೆ ಹೇಗೆ ಅರ್ಥ ಮಾಡಿಕೊಳ್ಳಬೇಕಿತ್ತು? ಆ ಗಾಜಿನ ಬಾಗಿಲ ಹೊರಗೆ ಕೂತಾಗಲೇ ಅವಳು ಹರಕೆ ಹೊತ್ತಿದ್ದಳಂತೆ. ಮಗ ಉಳಿದರೆ ಜನ್ಮದಲ್ಲಿ ಮೊಸರು ಮುಟ್ಟುವುದಿಲ್ಲ ಎಂದು.

ಮುಟ್ಟಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಮೊಸರನ್ನ ಬರುವ ಹೊತ್ತಿಗೆ ಅವಳು ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತಾಳೆ. ಬಡಿಸುವವರು ಹೊಸಬರಾದರೆ ಒತ್ತಾಯ ಮಾಡುತ್ತಾರೆ. ಪಕ್ಕದವರು ಯಾರಾದರೂ ಹೇಳುತ್ತಾರೆ — ಅವ್ಳಿಗೆ ಹಾಕ್ಬೇಡಿ, ಅವ್ಳು ಮಗನಿಗೆ ಮೊಸರು ಕೊಟ್ಟು... ಎಂದು. ಕಥೆಯನ್ನು ಎಲ್ಲರಿಗೂ ಹೇಳಿ ಹೇಳಿ ಅದು ಗಾದೆಯಾಗಿ ಹೋಗಿದೆ. ಗೀತಾಳ ಅತ್ತೆಮನೆಯಲ್ಲಿ ಬಹಳ ದಿನ ಮಗನಿಗೆ ಊಟ ಬಡಿಸುವುದಕ್ಕೆ ಅವಳನ್ನು ಬಿಡಲಿಲ್ಲ. ಹೆತ್ತ ತಾಯಿ ಅಡುಗೆ ಮಾಡಿಟ್ಟು ಆಚೆ ನಿಲ್ಲಬೇಕು, ಅಜ್ಜಿ ಬಡಿಸಬೇಕು. ವಿನಯನಿಗೂ ಅವಳು ಇವತ್ತಿನವರೆಗೆ ಮೊಸರು ಕೊಟ್ಟಿಲ್ಲ. ಅವನೀಗ ಪಿಯುಸಿ. ಮೀಸೆ ಬಂದಿದೆ.

ಈ ನಡುವೆ ನಾನೇನು ಮಾಡಿದೆ ಎಂದು ನೀವು ಕೇಳಬೇಕು. ನಾನು ಅತ್ತೆಯ ಉತ್ತರಾಧಿಕಾರಿಯಾದೆ. ಅವರ ಕೈ ನಡುಗುವುದಕ್ಕೆ ಶುರುವಾದಾಗ ಒಂದು ಸೋಮವಾರ ನನ್ನನ್ನು ಕೂರಿಸಿ, ಕಷಾಯದ ಒರಳು ಕುಟ್ಟಾಣಿಯನ್ನು ನನ್ನ ಮಡಿಲಿಗೆ ಇಟ್ಟರು. ಕೈಗುಣ ಹಾಗೆ ಕೊಟ್ಟರೇ ಬರುವುದಂತೆ, ಮಗಳಿಗಲ್ಲ, ಸೊಸೆಗೆ. "ನನ್ನ ಹೆಸ್ರು ಉಳ್ಸವ್ವ" ಎಂದರು. ಮಡಿಲಲ್ಲಿ ಕಲ್ಲಿನ ಭಾರ ಇಟ್ಟುಕೊಂಡು ಹೂಂ ಎಂದೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಮೇಲೆ ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಈಗ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಅತ್ತೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಅಕ್ಷತಾಳ ಕಥೆ ಹೇಳುತ್ತಾರೆ. ನಾನು ಕಷಾಯ ಕೊಟ್ಟು, ಗೇಟಿನವರೆಗೆ ಹೋಗಿ, ದನಿ ತಗ್ಗಿಸಿ ಹೇಳುತ್ತೇನೆ — ಇದು ಗಂಟಲಿಗೆ ಅಷ್ಟೆ, ಡಾಕ್ಟರು ಕೊಟ್ಟದ್ದನ್ನು ಬಿಡಬೇಡಿ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮೊನ್ನೆ ಉಡುತಡಿಯಿಂದ ಒಬ್ಬಳು ಬಂದಿದ್ದಳು, ಚಿಕ್ಕ ಪ್ರಾಯದವಳು, ಸೊಂಟದ ಮೇಲೆ ಮಗು. ಗೇಟಿನ ಹತ್ತಿರ ನಾನು ಹೇಳಿದ್ದನ್ನು ಕೇಳಿ ಅವಳ ಮುಖ ಬಾಡಿತು.

"ಅಲ್ರೀ ಅಮ್ಮಾರೆ, ನಿಮ್ಮ ಮಗಳಿಗೆ ಬರೀ ಕಷಾಯದಾಗೇ ಗುಣ ಆತಂತಲ್ರಿ? ನಮಗ್ಯಾಕ್ರಿ ಹಂಗಂತೀರಿ? ನಾ ಪಥ್ಯ ಮಾಡಲ್ಲ ಅಂತ ಅನ್ಕಂಡ್ರೇನು? ಖರೆ ಔಷಧಿ ಕೊಡ್ರೀ, ಮಾಡ್ತೀನಿ."

ನನ್ನ ನಿಜವನ್ನು ನಂಬದಂತೆ ಮಾಡಿದ್ದು ನನ್ನ ಸುಳ್ಳೇ. ಪಡಸಾಲೆಯಿಂದ ಅತ್ತೆ ನೋಡುತ್ತಿದ್ದರು. "ಪಂಪು ಬಿಡಬೇಡ್ರಿ" ಎಂದು ಮತ್ತೊಮ್ಮೆ ಅಂದೆ. ಅವಳು ತಲೆ ಆಡಿಸಿ ಹೋದಳು — ಆ ತಲೆ ಆಡಿಸುವಿಕೆಯಲ್ಲಿ ಒಪ್ಪಿಗೆ ಇರಲಿಲ್ಲ. ಆ ಮಗುವಿನ ಕೈಯಲ್ಲಿ ಈಗ ಪಂಪು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಷತಾ ರಜೆಗೆ ಬಂದಿದ್ದಳು, ಶಿವಮೊಗ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಒಳಗೆ ಬಂದಾಗ ಪಾತ್ರೆ ಒರೆಸಿ ಇಡುತ್ತ, ನನ್ನ ಮುಖ ನೋಡದೆ, ಬೇರೆ ಏನೋ ಹೇಳುವವಳ ಹಾಗೆ ಹೇಳಿದಳು.

"ಅಮ್ಮಾ, ಹಾಸ್ಟೆಲ್ಲಲ್ಲಿ ನನ್ನ ರೂಮಲ್ಲಿ ಇನ್ನೊಬ್ಳಿಗೂ ಉಬ್ಬಸ ಇದೆ. ಅವ್ಳು ಕ್ಯಾಂಟೀನಲ್ಲೇ ಪಂಪ್ ತಗೋತಾಳೆ, ಮಾತಾಡ್ತಾ ಮಾತಾಡ್ತಾ. ನಂಗೆ ಆಗಲ್ಲ. ನಾನು ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಕೊತೀನಿ. ಯಾರೂ ಕೇಳಲ್ಲ, ಯಾರಿಗೂ ಏನೂ ಆಗ್ಬೇಕಾಗಿಲ್ಲ. ಆದ್ರೂ ನಲ್ಲಿ ಬಿಡದೆ ಉಸಿರು ಎಳ್ಕೊಳೋಕೆ ಬರಲ್ಲ ನಂಗೆ."

ಕೊನೆಯ ತಟ್ಟೆ ಒರೆಸಿಟ್ಟು, "ವಿನಯಂಗೆ ಯಾವಾಗ ಹೇಳ್ತೀಯ?" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯ ಆ ದಿನ ಅವಳೂ ನನ್ನ ಸೆರಗು ಹಿಡಿದು ನಿಂತಿದ್ದಳಲ್ಲ.

ಅಜ್ಜಿ ಹೋದ ಮೇಲೆ — ಎಂದೆ. ಬಾಯಿಂದ ಬಂದುಬಿಟ್ಟಿತು. ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ, ನಾನು ಅದಕ್ಕೆ ಕಾಯುತ್ತಿದ್ದೇನೆ ಎಂದು. ಒಬ್ಬ ಮುದುಕಿ ಸಾಯಲಿ ಎಂದು ಕಾಯುತ್ತ, ಅದೇ ಮುದುಕಿಗೆ ದಿನಾ ಮೆತ್ತಗೆ ರೊಟ್ಟಿ ಬಡಿದು, ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದೇನೆ. ಅವರು "ಪುಣ್ಯವಂತೆ ನೀನು" ಎನ್ನುತ್ತಾರೆ. ಅಕ್ಷತಾ ನನ್ನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಎರಡನೆಯ ಸಲ ಅನ್ನಿಸಿತು ನನಗೆ ಈ ಬಾಳಿನಲ್ಲಿ.

ನಾನು ಕಷಾಯದ ಮೇಲೆ ಹಗೆ ಸಾಧಿಸುತ್ತಿಲ್ಲ. ಆಡುಸೋಗೆ ಗಿಡ ಏನು ಪಾಪ ಮಾಡಿದೆ? ಬಿಸಿಲಿಗೆ ಹಾಕಿದ ಹಾಸಿಗೆ, ಒದ್ದೆ ಬಟ್ಟೆ, ಜೇನು, ಹೊಗೆಯಿಲ್ಲದ ಮನೆ — ಇವೆಲ್ಲ ನನ್ನ ಮಗಳಿಗೆ ನೆರವಾದವು, ನಿಜ. ಅತ್ತೆಯ ಮೇಲೂ ಭಾರ ಹಾಕುವುದಿಲ್ಲ. ಅವರು ತಮಗೆ ನಿಜವೆಂದು ಕಂಡದ್ದನ್ನು ಜಗತ್ತಿಗೆಲ್ಲ ಕೂಗಿ ಹೇಳಿದರು. ಅದು ಸುಳ್ಳು ಎಂದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ, ಮಗಳನ್ನು ಬಿಟ್ಟರೆ. ಗೊತ್ತಿಲ್ಲದವರಂತೆ ಇದ್ದುಬಿಟ್ಟ ನನ್ನ ಗಂಡನ ಮೇಲೆ ಹಾಕಬಹುದೇನೋ ಒಂದಿಷ್ಟು — ಬೇಡ. ಹಾಗೆ ಹಂಚುತ್ತ ಹೋದರೆ ಕೊನೆಗೆ ನನ್ನ ಪಾಲಿಗೆ ಏನೂ ಉಳಿಯುವುದಿಲ್ಲ.

ನಾಳೆ ನಮ್ಮ ಮಾವನವರ ಪುಣ್ಯಸ್ಮರಣೆ. ಗೀತಾ ಬರುತ್ತಾಳೆ, ವಿನಯನೂ ಬರುತ್ತಾನೆ. ಅವಳ ಅತ್ತೆಯೂ ಬರುತ್ತಾರಂತೆ. ಪಂಕ್ತಿಯಲ್ಲಿ ಕೊನೆಗೆ ಮೊಸರು ಬಡಿಸುವವಳು ಯಾವಾಗಲೂ ನಾನೇ. ಪ್ರತಿ ವರ್ಷ ಗೀತಾಳ ಎಲೆ ಬಂದಾಗ ಒಂದು ಹೆಜ್ಜೆ ಜೋರಾಗಿ ಹಾಕಿ ದಾಟಿಬಿಡುತ್ತೇನೆ, ಅವಳಿಗೆ ಕೈ ಅಡ್ಡ ಹಿಡಿಯುವ ಕಷ್ಟವೂ ಬೇಡವೆಂದು. ಅದನ್ನೂ ಅವಳು ನನ್ನ ಒಳ್ಳೆಯತನ ಎಂದುಕೊಂಡಿದ್ದಾಳೆ.

ನಾಳೆ ದಾಟುವುದಿಲ್ಲ. ಅವಳ ಎಲೆಯ ಮುಂದೆ ಕೂರುತ್ತೇನೆ. ಆಚೆ ಕಡೆ ಕುರ್ಚಿಯಲ್ಲಿ ಅತ್ತೆ ಇರುತ್ತಾರೆ, ಸಾಲಿನಲ್ಲಿ ಅವಳ ಅತ್ತೆ ಇರುತ್ತಾರೆ, ಮೊಸರಿನ ಕಥೆ ಹೇಳುವವರೆಲ್ಲ ಇರುತ್ತಾರೆ. ಕಥೆ ಕೇಳಿದವರ ಮುಂದೆಯೇ ಅದನ್ನು ಬಿಚ್ಚಬೇಕು. ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದರೆ ಅದು ಮತ್ತೆ ನಲ್ಲಿ ಬಿಟ್ಟುಕೊಂಡ ಹಾಗೆ. ಅತ್ತೆಯ ಎದೆ ಒಡೆಯುತ್ತದೆಯೋ — ಗೊತ್ತಿಲ್ಲ. ಗೀತಾ ನನ್ನ ಮುಖಕ್ಕೆ ಉಗುಳಬಹುದು. ಎದ್ದು ಹೋಗಬಹುದು, ಮತ್ತೆ ಈ ಮನೆಯ ಹೊಸ್ತಿಲು ತುಳಿಯದಿರಬಹುದು. ವಿನಯ ಏನನ್ನುತ್ತಾನೋ — ಅದನ್ನು ಯೋಚಿಸುವುದಕ್ಕೇ ಆಗುತ್ತಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುವವಳು, ಅವಳನ್ನು ಆ ಇಕ್ಕಟ್ಟಿಗೂ ಸಿಕ್ಕಿಸುವುದು ಬೇಡ.

ಹೇಳಬೇಕಾದದ್ದು ಸ್ವಲ್ಪವೇ. ಬೆಳಗಿನಿಂದ ಒಳಗೊಳಗೇ ಹೇಳಿ ನೋಡುತ್ತಿದ್ದೇನೆ. ಗೀತಾ, ಅಕ್ಷತಂಗೆ ಗುಣ ಆಗಿದ್ದು ಪಂಪಿನಿಂದ. ನೀನು ಕೇಳ್ದಾಗ ನಾನು ಸುಳ್ಳು ಹೇಳ್ದೆ. ನಿನ್ನ ಮಗಂಗೆ ಆ ದಿನ ಹಂಗಾಗಿದ್ದು ನೀನು ಕೊಟ್ಟ ಎರಡು ತುತ್ತಿನಿಂದಲ್ಲ, ನಾನು ಆಡಿದ ಎರಡು ಮಾತಿನಿಂದ.

ಅಕ್ಷತಾ ಊರಿಂದ ಹೊರಡುವಾಗ ತನ್ನ ಪಂಪಿನ ಹಳೆಯ ಕೊಳವೆಯನ್ನು ನನ್ನ ಬಟ್ಟೆಯ ಚೀಲದಿಂದ ತೆಗೆದು ಪಡಸಾಲೆಯ ಕಿಟಕಿಯಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟು ಹೋದಳು. ಅತ್ತೆಗೆ ಕಣ್ಣು ಮಂಜು, ಅದೇನೆಂದು ಕೇಳಲಿಲ್ಲ. ನಾನೂ ತೆಗೆದಿಲ್ಲ.

ಈಗ ಹಾಲು ಕಾಯಿಸಿ, ಉಗುರು ಬೆಚ್ಚಗೆ ಆರಿಸಿ, ಹೆಪ್ಪು ಹಾಕಿದ್ದೇನೆ. ಈ ಸಲ ಇನ್ನೂ ಇಬ್ಬರಿಗೆ ಆಗುವಷ್ಟು ಹೆಚ್ಚಿಗೆ.